ಗೌನಿಗೆ ಚಾಚಿದ ಕೈ

ನಮ್ಮ ಆಸ್ಪತ್ರೆಗೆ ಬರಲೇಬಾರದ ಕಾಯಿಲೆಯೊಂದು ಬಂದೇಬಿಟ್ಟರೆ ಏನು ಮಾಡಬೇಕು ಎಂದು ಯೋಜಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ನಾನು ರಜೆಯಲ್ಲಿದ್ದ ದಿನ. ಬೂದಿಕೋಟೆಯಲ್ಲಿ ಅಣ್ಣನ ಮನೆಯ ಹಸು ಕರು ಹಾಕಿತ್ತು, ಗಿಣ್ಣು ತಿನ್ನಲು ಬಾ ಎಂದು ಕರೆದಿದ್ದರು, ಹೋಗಿದ್ದೆ. ಮಾರನೆಯ ದಿನ ಡ್ಯೂಟಿಗೆ ಬಂದು ನೋಡಿದರೆ ಸಭೆ ಮುಗಿದು, ಆದೇಶದಲ್ಲಿ ಸಂಯೋಜಕರು ಎಂಬಲ್ಲಿ ನನ್ನ ಹೆಸರು ಕೂತಿತ್ತು. ಬಾರದವರ ತಲೆಗೆ ಕಟ್ಟುವುದು ಎಲ್ಲ ಕಚೇರಿಗಳಲ್ಲೂ ಇರುವ ಪದ್ಧತಿ. ಸೋಂಕು ನಿಯಂತ್ರಣದ ನರ್ಸ್ ನಾನೊಬ್ಬಳೇ ಆದ್ದರಿಂದ ಸಭೆಯಲ್ಲಿ ಇದ್ದಿದ್ದರೂ ತಪ್ಪಿಸಿಕೊಳ್ಳುತ್ತಿರಲಿಲ್ಲ, ಅದು ಬೇರೆ ಮಾತು.

ಆದೇಶದ ತಿರುಳು ಇಷ್ಟು. ನಿಫಾದಂಥ ಜ್ವರ, ಅಂದರೆ ರೋಗಿಯ ಉಗುಳು, ವಾಂತಿ ತಾಗಿದವರಿಗೂ ಹತ್ತುವ, ಹತ್ತಿದ ಮೇಲೆ ಬದುಕುವುದು ಕಷ್ಟವಾದ ಜ್ವರ ಇರಬಹುದೆಂಬ ಅನುಮಾನ ಬಂದರೆ, ಆ ರೋಗಿಯನ್ನು ಗೇಟಿನಿಂದ ಹಾಸಿಗೆಯವರೆಗೆ ಹೇಗೆ ಒಯ್ಯುತ್ತೀರಿ, ಯಾರು ಮುಟ್ಟುತ್ತೀರಿ, ಮುಟ್ಟಿದವರು ಹೇಗೆ ಹೊರಗೆ ಬರುತ್ತೀರಿ, ಇಷ್ಟನ್ನೂ ಮಾಡಿ ತೋರಿಸಬೇಕು. ಆರು ವಾರ ಸಮಯ. ಕೊನೆಯಲ್ಲಿ ಮೇಲಿನಿಂದ ತಂಡ ಬಂದು ನೋಡುತ್ತದೆ. ಮಾಕ್ ಡ್ರಿಲ್ ಎಂದು ಎಲ್ಲರೂ ಅದನ್ನು ಕರೆದದ್ದು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಕ್ಕವರಿದ್ದರು. ನನಗೆ ಯುದ್ಧಕ್ಕೆ ಮುಂಚೆ ಆರು ವಾರ ಸಿಕ್ಕಿದ್ದೇ ಹೆಚ್ಚಾಗಿ ಕಂಡಿತು.

ಕೋಣೆಯೊಂದನ್ನು ಹುಡುಕುವುದರಲ್ಲೇ ಒಂದು ವಾರ ಹೋಯಿತು. ಕೊನೆಗೆ ಹಿಂದಿನ ಕಟ್ಟಡದ ಹಳೆಯ ಉಗ್ರಾಣವನ್ನು ಖಾಲಿ ಮಾಡಿಸಿ ಎರಡು ಮಂಚ ಹಾಕಿಸಿದೆವು. ಗಾಳಿ ಹೊರಕ್ಕೆ ಎಳೆಯುವ ಫ್ಯಾನು ಕೂರಿಸಿದೆವು. ಇಂಥ ಕೋಣೆಗೆ ಹೋಗಲು ಒಂದು ಬಾಗಿಲು, ಬರಲು ಇನ್ನೊಂದು ಬಾಗಿಲು ಇರಬೇಕು. ನಮ್ಮದಕ್ಕೆ ಇದ್ದದ್ದು ಒಂದೇ. ಹಾಗಾಗಿ ಬಾಗಿಲ ಹೊರಗಿನ ಜಗಲಿಯಲ್ಲಿ ನೆಲಕ್ಕೆ ಟೇಪು ಅಂಟಿಸಿ ಮೂರು ಭಾಗ ಮಾಡಿದೆ. ಕೋಣೆಯೊಳಗೆಲ್ಲ ಕೆಂಪು. ಹೊಸ್ತಿಲು ದಾಟಿದ ಮೇಲೆ ನಾಲ್ಕು ಹೆಜ್ಜೆ ಹಳದಿ, ಅಲ್ಲಿ ಮೈಮೇಲಿನದನ್ನು ಬಿಚ್ಚಬೇಕು. ಅದರಾಚೆ ಹಸಿರು, ಅದು ಶುದ್ಧ ಜಾಗ.

ಜನಕ್ಕೆ ಒಳಗೆ ಹೋಗುವುದೇ ಭಯ. ನಿಜವಾದ ಅಪಾಯ ಹೊರಗೆ ಬರುವಾಗ. ಗೌನು, ಎರಡು ಜೊತೆ ಗ್ಲೌಸು, ಕನ್ನಡಕ, ಮಾಸ್ಕು ಎಲ್ಲದರ ಹೊರಮೈಗೂ ರೋಗ ಮೆತ್ತಿಕೊಂಡಿರುತ್ತದೆ. ಮೊದಲು ಹೊರಗಿನ ಗ್ಲೌಸು, ಕೈಗೆ ಸ್ಯಾನಿಟೈಜರ್. ಆಮೇಲೆ ಗೌನನ್ನು ಭುಜದಿಂದ ಒಳಮೈ ಹೊರಗಾಗುವಂತೆ ಸುತ್ತುತ್ತಾ ಇಳಿಸಿ ಕಾಲಿನಿಂದ ತೆರೆಯುವ ಡಬ್ಬಿಗೆ ಹಾಕಬೇಕು, ಒಳಗಿನ ಗ್ಲೌಸನ್ನೂ ಕಳಚಿ ಮತ್ತೆ ಕೈಗೆ ಸ್ಯಾನಿಟೈಜರ್. ಕನ್ನಡಕವನ್ನು ಹಿಂದಿನಿಂದ ಹಿಡಿದು ತೆಗೆಯಬೇಕು. ಮಾಸ್ಕು ಎಲ್ಲಕ್ಕಿಂತ ಕೊನೆಗೆ. ಸುಸ್ತಾಗಿ, ಬೆವೆತು, ಉಸಿರು ಕಟ್ಟಿ ಬಂದವರಿಗೆ ಈ ಕ್ರಮ ನೆನಪಿರುವುದಿಲ್ಲ. ಯಾವುದು ಮೊದಲು ಕಿರಿಕಿರಿ ಮಾಡುತ್ತದೋ ಅದನ್ನು ಮೊದಲು ಕಿತ್ತೆಸೆಯುತ್ತಾರೆ.

ಎಲ್ಲಿ ತಪ್ಪಿತು ಎಂದು ಕಣ್ಣಿಗೆ ಕಾಣಲು ಗೌನಿಗೆ ಹೊಳೆಯುವ ಪುಡಿ ಬಳಿಯುತ್ತಾರಂತೆ. ಅದನ್ನು ಕೇಳಿ ಪತ್ರ ಬರೆದೆ, ಪುಡಿ ಬರಲಿಲ್ಲ. ಅರಿಶಿನವನ್ನು ಗ್ಲಿಸರಿನ್‌ನಲ್ಲಿ ಕಲಸಿ ಬಳಿದು ನೋಡಿದೆ. ಬಿಚ್ಚಿದ ಮೇಲೆ ಪರೀಕ್ಷಿಸಿದರೆ ನಮ್ಮ ಹೆಂಗಸರಲ್ಲಿ ಅರ್ಧ ಜನರ ಕೆನ್ನೆ, ಕತ್ತು, ಪಾದ ಎಲ್ಲ ಹಳದಿ. ಅದು ಶುಕ್ರವಾರವಾಗಿತ್ತು. ನನ್ನ ಬುದ್ಧಿಗಿಷ್ಟು ಎಂದುಕೊಂಡು ಬಟ್ಟೆಗೆ ಹಾಕುವ ನೀಲಿ ತರಿಸಿದೆ.

ಮೊದಲ ಅಭ್ಯಾಸದ ದಿನ ಲ್ಯಾಬ್ ಟೆಕ್ನಿಷಿಯನ್ ರೋಗಿಯಾಗಿ ಮಲಗಿದರು. ಹಿಂದಿನ ಗೇಟಿಗೆ ಬರಬೇಕಿದ್ದ ಆಂಬುಲೆನ್ಸ್ ಮುಂದಿನ ಗೇಟಿಗೆ ಬಂತು. ಬಾಣಂತಿಯರು ಕೂತಿದ್ದ ಬೆಂಚುಗಳ ನಡುವೆಯೇ ನಮ್ಮ ನಿಫಾ ರೋಗಿ ಟಾಟಾ ಮಾಡುತ್ತಾ ಸಾಗಿದರು. ಅದನ್ನು ಬರೆದುಕೊಂಡೆ, ತಿದ್ದಬಹುದಾದ ತಪ್ಪು. ನಮ್ಮ ಫಿಸಿಷಿಯನ್ ಒಳಗೆ ಹೋದರು. ಇಡೀ ಆಸ್ಪತ್ರೆಗೆ ಜ್ವರ ನೋಡುವ ಡಾಕ್ಟರು ಅವರೊಬ್ಬರೇ, ಇದೇ ಕೆಜಿಎಫ್‌ನ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಬೆಳೆದವರು, ಒಳ್ಳೆಯವರು, ಅವಸರದವರು. ಒಳಗಿನ ಕೆಲಸ ಚೆನ್ನಾಗಿ ಮಾಡಿ ಹೊರಗೆ ಬಂದು ಬಿಚ್ಚಿದರು. ಅವರ ಮುಖ ನೋಡಿದೆ, ನೀಲಿಯಿಲ್ಲ. ಕೈ ನೋಡಿದೆ, ಇಲ್ಲ. ಗೆದ್ದೆವು ಎಂದುಕೊಂಡೆ.

ಆಗ ಹಸಿರು ಭಾಗದಲ್ಲಿ ನಿಂತಿದ್ದ ಆಯಮ್ಮ, "ಸಿಸ್ಟರಮ್ಮಾ, ಇದೇನು ನನ್ ಕೈ ಇಂಗಾಗೈತೆ?" ಎಂದಳು.

ಅವಳ ಎರಡೂ ಅಂಗೈ ನೀಲಿಯಾಗಿದ್ದವು. ಆಯಮ್ಮ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ. ಅವಳ ಮೈಮೇಲೆ ಗೌನಿಲ್ಲ, ಗ್ಲೌಸಿಲ್ಲ. ಹೊರಗುತ್ತಿಗೆಯವಳು, ಡಬ್ಬಿಯ ಚೀಲ ಬದಲಿಸುವುದು, ನೀರು ತರುವುದು ಅಷ್ಟೇ ಅವಳ ಕೆಲಸ. ನಾವು ಯಾರೂ ನೋಡದ ಒಂದು ಗಳಿಗೆಯಲ್ಲಿ ಡಾಕ್ಟರು ಬಿಚ್ಚಿದ ಗೌನನ್ನು ಪಕ್ಕಕ್ಕೆ ಚಾಚಿದ್ದರು, ಆಯಮ್ಮ ಇಸಿದುಕೊಂಡು ಡಬ್ಬಿಗೆ ಹಾಕಿದ್ದಳು. ಕೊಟ್ಟದ್ದು ಅವರಿಗೆ ಗೊತ್ತಿಲ್ಲ, ತೆಗೆದುಕೊಂಡದ್ದು ಇವಳಿಗೆ ಗೊತ್ತಿಲ್ಲ. ದೊಡ್ಡವರು ಕೈ ಚಾಚಿದ ಕಡೆ ಇಸಿದುಕೊಳ್ಳುವ ಕೈಯೊಂದು ಇದ್ದೇ ಇರುತ್ತದೆ ಎಂಬುದು ನಮ್ಮಲ್ಲಿ ಹೇಳಿಕೊಡದೆ ಬಂದ ವಿದ್ಯೆ.

ಆ ಅಂಗೈ ನೋಡುತ್ತಾ ನನಗೆ ಹಳೆಯದೊಂದು ಸಾವು ನೆನಪಾಯಿತು. ಕೊರೊನಾದ ಎರಡನೇ ಅಲೆಯಲ್ಲಿ ನಮ್ಮ ಇನ್ನೊಬ್ಬ ಆಯಮ್ಮ ತೀರಿಕೊಂಡಿದ್ದಳು. ಆಕೆ ಕೊರೊನಾ ವಾರ್ಡಿನ ಒಳಗೆ ಹೋದವಳೇ ಅಲ್ಲ, ಬಾಗಿಲಾಚೆ ಇರುತ್ತಿದ್ದಳು. ಎಲ್ಲಿಂದ ಅಂಟಿತು ಎಂದು ಯಾರಿಗೂ ತಿಳಿಯಲಿಲ್ಲ. ಮನೆಯಲ್ಲೇ ಯಾರಿಂದಲೋ ಬಂದಿರಬೇಕು ಎಂದು ಹೇಳಿ ನಾವು ಸಮಾಧಾನ ಮಾಡಿಕೊಂಡಿದ್ದೆವು. ಆ ಬಾಗಿಲಾಚೆ ನನ್ನ ಗೌನೂ ದಿನಾ ಯಾರದೋ ಕೈಗೆ ಹೋಗುತ್ತಿತ್ತು. ಯಾರ ಕೈಗೆ ಎಂದು ನಾನು ಒಂದು ದಿನವೂ ತಿರುಗಿ ನೋಡಿರಲಿಲ್ಲ.

ಮನೆಗೆ ಹೋಗಿ ಅತ್ತೆ. ಆಮೇಲೆ ಈ ಡ್ರಿಲ್ ನನಗೆ ಮೇಲಿನವರಿಗೆ ತೋರಿಸುವ ಆಟವಾಗಿ ಉಳಿಯಲಿಲ್ಲ. ಆಂಬುಲೆನ್ಸ್ ಯಾವ ಗೇಟಿಗಾದರೂ ಬರಲಿ, ಈ ಆಯಮ್ಮನ ಅಂಗೈ ಬಿಳಿಯಾಗಿ ಉಳಿಯಬೇಕು, ಅಷ್ಟೇ ನನಗೆ ಬೇಕಾಗಿದ್ದು.

ಎರಡನೆಯ ಅಭ್ಯಾಸಕ್ಕೆ ಮುಂಚೆ ಡಾಕ್ಟರಿಗೆ ಹೇಳಿದೆ. ಅವರು ನಾಚಿಕೊಂಡರು, ಇನ್ನು ಹಾಗಾಗುವುದಿಲ್ಲ ಎಂದರು. ಆಯಮ್ಮನಿಗೂ ಹೇಳಿದೆ, ತಲೆಯಾಡಿಸಿದಳು. ಮತ್ತೆ ಅಂಗೈ ನೀಲಿ. ಮೂರನೆಯದಕ್ಕೆ ಡಬ್ಬಿಯನ್ನು ಡಾಕ್ಟರ ಕಾಲ ಬುಡದಲ್ಲೇ ಇಡಿಸಿದೆ, ಆಯಮ್ಮನನ್ನು ಎರಡು ಹೆಜ್ಜೆ ಹಿಂದಕ್ಕೆ ನಿಲ್ಲಿಸಿದೆ. ಡಾಕ್ಟರು ಈ ಸಲ ಗೌನನ್ನು ತಾವೇ ಡಬ್ಬಿಗೆ ಹಾಕಿದರು. ಆದರೆ ಅದು ಪೂರ್ತಿ ಒಳಗೆ ಬೀಳದೆ ಅಂಚಿನಲ್ಲಿ ಜೋತುಬಿತ್ತು. ಆಯಮ್ಮ ಎರಡು ಹೆಜ್ಜೆ ಮುಂದೆ ಬಂದು ಅದನ್ನು ಬರಿಗೈಯಲ್ಲಿ ಒಳಕ್ಕೆ ಒತ್ತಿದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ನಾವು ಕಲಿಸಿದ್ದು.

ಅವತ್ತು ನನಗೆ ತಾಳ್ಮೆ ತಪ್ಪಿತು. ಎಲ್ಲರ ಮುಂದೆ ಆಯಮ್ಮನನ್ನು ಬೈದೆ, ಸಾಯಬೇಕು ಅಂತಲೇ ಬಂದಿದ್ದೀಯಾ ಎಂದೆ. ಡಾಕ್ಟರಿಗೆ ಅದರಲ್ಲಿ ಅರ್ಧವನ್ನಾದರೂ ಹೇಳಬೇಕಿತ್ತು, ಹೇಳಲಿಲ್ಲ. ಆಮೇಲೆ ಹಿಂದಿನ ಕಟ್ಟಡದ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದ ಅವಳ ಪಕ್ಕ ಹೋಗಿ ಕೂತೆ.

"ಬೇಕೂಂತ ಮಾಡ್ತೀನಾ ಸಿಸ್ಟರಮ್ಮಾ?" ಎಂದಳು. "ಇಪ್ಪತ್ತು ವರ್ಸ ಆಯ್ತು. ಡಾಕ್ಟ್ರು ಆ ಕಡೆ ತಿರುಗಿದ್ರೆ ಸಾಕು, ಈ ಕೈ ತಾನೇ ಓಗ್ತೈತೆ. ನಾನು ಕಳ್ಸಲ್ಲ."

ನಿಲ್ಲಿ ಸಾರ್ ಎಂದು ಬಾಯಲ್ಲಾದರೂ ಹೇಳಬಹುದಲ್ಲ ಎಂದೆ. ಅವಳು ನಕ್ಕಳು. ಡಾಕ್ಟರಿಗೆ ನಿಲ್ಲಿ ಅನ್ನೋಕೆ ತಾನ್ಯಾರು ಎಂದಳು. ಆಮೇಲೆ, ಮಾತಿಗೆ ಮಾತು ಬಂದು, ತನ್ನ ಅಪ್ಪ ಆದರೆ ಹೇಳುತ್ತಿದ್ದ ಎಂದಳು. ಅವಳ ಅಪ್ಪ ನಂದಿದುರ್ಗ ಗಣಿಯಲ್ಲಿ ನೆಲದಾಳಕ್ಕೆ ಇಳಿಯುವ ಶಾಫ್ಟಿನ ಬಾಯಲ್ಲಿ ನಿಂತು, ಜನರನ್ನು ಇಳಿಸುವ ತೊಟ್ಟಿಲಿಗೆ ಗಂಟೆ ಕೊಡುವ ಕೆಲಸದಲ್ಲಿದ್ದನಂತೆ. ತೊಟ್ಟಿಲು ಚಲಿಸುವಾಗ ಒಂದು ಗಂಟೆ ಹೊಡೆದರೆ ಅದು ಇದ್ದಲ್ಲೇ ನಿಲ್ಲಬೇಕು. ಒಳಗೆ ಕೂಲಿಯವನಿರಲಿ, ದೊಡ್ಡ ಮ್ಯಾನೇಜರಿರಲಿ, ಯಾಕೆ ನಿಲ್ಲಿಸಿದೆ ಎಂದು ಕೇಳುವ ಹಾಗಿಲ್ಲ. ಮನೆಯಲ್ಲಿ ಅವ್ವನ ಎದುರು ಉಸಿರೆತ್ತದ ಮನುಷ್ಯ ಎಂದು ಹೇಳಿ ಅವಳು ಇನ್ನೊಮ್ಮೆ ನಕ್ಕಳು.

ನನ್ನ ಯೋಜನೆ ತಿರುಗಿದ್ದು ಆ ಮೆಟ್ಟಿಲ ಮೇಲೆ. ಬಿಚ್ಚುವವರನ್ನು ನೋಡುತ್ತಾ ಹಂತ ಹಂತವಾಗಿ ಎಚ್ಚರಿಸಲು ವೀಕ್ಷಕರೊಬ್ಬರು ಇರಬೇಕೆಂದು ನಿಯಮದಲ್ಲೇ ಇದೆ. ಆ ಜಾಗಕ್ಕೆ ನಾನು ನನ್ನ ಹೆಸರನ್ನೇ ಬರೆದುಕೊಂಡಿದ್ದೆ. ಅದನ್ನು ಹೊಡೆದುಹಾಕಿ ಆಯಮ್ಮನನ್ನು ವೀಕ್ಷಕಿ ಮಾಡಿದೆ. ಬಂಗಾರಪೇಟೆಯ ಪಾತ್ರೆ ಅಂಗಡಿಯಿಂದ ಹಿಡಿಯಿರುವ ಹಿತ್ತಾಳೆ ಗಂಟೆ ತಂದೆ. ಹಂತಗಳ ಚಿತ್ರ ಬರೆದ ಹಲಗೆ ಒಂದು ಕೈಗೆ, ಗಂಟೆ ಇನ್ನೊಂದು ಕೈಗೆ. ಎರಡೂ ಕೈ ತುಂಬಿದ್ದರೆ ಗೌನಿಗೆ ಚಾಚಲು ಕೈ ಎಲ್ಲಿಂದ ಬರಬೇಕು? ಗಂಟೆ ಒಂದು ಸಲ ಬಾರಿಸಿದರೆ ಯಾರೇ ಆಗಲಿ ಇದ್ದ ಹಾಗೇ ನಿಲ್ಲಬೇಕು ಎಂದು ಗೋಡೆಗೆ ಬರೆದು ಅಂಟಿಸಿದೆ. ಸೂಪರಿಂಟೆಂಡೆಂಟ್ ಸಾಹೇಬರು ಇದೇನಮ್ಮ ದೇವಸ್ಥಾನ ಮಾಡಿಟ್ಟಿದ್ದೀಯ ಎಂದರು, ಆದರೆ ಬೇಡ ಎನ್ನಲಿಲ್ಲ. ಫಿಸಿಷಿಯನ್ ಮಾತ್ರ ಗಂಟೆ ನೋಡಿದ ಕೂಡಲೇ ಅರ್ಥ ಮಾಡಿಕೊಂಡರು. ಅವರ ತಾತನೂ ಆ ತೊಟ್ಟಿಲಲ್ಲಿ ಇಳಿದವರೇ.

ನಾಲ್ಕನೆಯ ಅಭ್ಯಾಸದಲ್ಲಿ ಆಯಮ್ಮ ಏಳು ಸಲ ಗಂಟೆ ಬಾರಿಸಿದಳು. ಮೊದಲನೆಯದು ಮೆಲ್ಲಗೆ, ಕೇಳಿಸಿದರೆ ಕೇಳಿಸಲಿ ಎಂಬಂತೆ. ಡಾಕ್ಟರು ಅರ್ಧ ಬಿಚ್ಚಿದ ಗೌನಿನಲ್ಲಿ ಕೈ ಎತ್ತಿಕೊಂಡು ನಿಂತೇಬಿಟ್ಟರು. ಆಯಮ್ಮ ಹಲಗೆ ನೋಡಿ, "ಕೈಗೆ ಮದ್ದು ಆಕ್ಕೊಂಡಿಲ್ಲ ಸಾರ್" ಎಂದಳು. ಹಾಕಿಕೊಂಡರು. ನಾಲ್ಕನೆಯ ಸಲ ಗಂಟೆ ಬಾರಿಸುವ ಹೊತ್ತಿಗೆ ಅವಳ ಬೆನ್ನು ನೆಟ್ಟಗಾಗಿತ್ತು. ಮುಗಿದ ಮೇಲೆ ನಾನು ಅವಳ ಅಂಗೈಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಗೆರೆಗಳ ಸಂದಿನಲ್ಲೂ ನೀಲಿ ಇರಲಿಲ್ಲ. ಈ ಆರು ವಾರಗಳಲ್ಲಿ ನಾನು ಸಂತೋಷಪಟ್ಟದ್ದು ಅವತ್ತೊಂದೇ ದಿನ. ಇನ್ನೂ ಎರಡು ಸಲ ಮಾಡಿಸಿದೆ, ಎರಡು ಸಲವೂ ಕೈ ಶುದ್ಧ.

ಮೇಲಿನ ತಂಡ ಬಂದ ದಿನ ಆಂಬುಲೆನ್ಸ್ ಹಿಂದಿನ ಗೇಟಿಗೇ ಬಂತು. ರೋಗಿ ಸರಿಯಾದ ದಾರಿಯಲ್ಲಿ ಬಂದರು. ತಂಡದ ಹಿರಿಯ ಅಧಿಕಾರಿಗೆ ನಮ್ಮ ಏರ್ಪಾಡು ಹಿಡಿಸಿತೆಂದು ತೋರುತ್ತದೆ, ತಾವೂ ಒಮ್ಮೆ ಒಳಗೆ ಹೋಗಿ ಬರುತ್ತೇನೆ ಎಂದರು. ಅದು ಯೋಜನೆಯಲ್ಲಿ ಇರಲಿಲ್ಲ. ಆದರೂ ನಾನೇ ಅವರಿಗೆ ಗೌನು ತೊಡಿಸಿ, ನಾನೇ ಎದೆಗೂ ತೋಳಿಗೂ ನೀಲಿ ಬಳಿದೆ. ಒಳಗೆ ಫೋಟೊ ತೆಗೆಸಿಕೊಂಡು ಹೊರಬಂದು ಹಳದಿಯಲ್ಲಿ ನಿಂತರು. ಸೆಕೆಗೆ ಬೆವೆತಿದ್ದರು. ಎಲ್ಲಕ್ಕಿಂತ ಮೊದಲು ಕೈ ಹೋದದ್ದು ಮಾಸ್ಕಿಗೆ.

ಆಯಮ್ಮ ಗಂಟೆ ಬಾರಿಸಿದಳು. ಜೋರಾಗಿಯೇ ಬಾರಿಸಿದಳು.

ಅಧಿಕಾರಿ ನಿಲ್ಲಲಿಲ್ಲ. ಮಾಸ್ಕನ್ನು ಕೆಳಕ್ಕೆಳೆದು, ಶಬ್ದ ಎಲ್ಲಿಂದ ಬಂತೆಂದು ನೋಡಿ, ಇಲ್ಲೇನು ಮಂಗಳಾರತಿಯೂ ಇದೆಯೋ ಎಂದು ನಕ್ಕರು. ಜೊತೆಯವರೂ ನಕ್ಕರು. ನಮ್ಮ ಸಾಹೇಬರು ಆಯಮ್ಮನಿಗೆ ಗಂಟೆ ಇಡು ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ಅವಳು ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಕಾಗದ ನೋಡುತ್ತಿದ್ದೆ. ಅವಳು ಗಂಟೆಯನ್ನೂ ಹಲಗೆಯನ್ನೂ ಪಕ್ಕದ ಸ್ಟೂಲಿನ ಮೇಲಿಟ್ಟಳು.

ಅಧಿಕಾರಿ ನಮ್ಮ ಸಾಹೇಬರ ಜೊತೆ ಮಾತನಾಡುತ್ತಲೇ ಗೌನು ಬಿಚ್ಚಿ, ತಿರುಗಿ ನೋಡದೆ, ಪಕ್ಕಕ್ಕೆ ಚಾಚಿದರು. ಆಯಮ್ಮನ ಕೈ ಎದ್ದದ್ದು ನನಗೆ ಕಾಣಿಸಿತು. ನಾನು ಅವಳ ಮಗ್ಗುಲಲ್ಲೇ ನಿಂತಿದ್ದೆ. ಬೇಕಾದಷ್ಟು ಹೊತ್ತಿತ್ತು. ನಾನು ಅವಳನ್ನು ಕೂಗಲಿಲ್ಲ. ನಮ್ಮ ಡಾಕ್ಟರಾಗಿದ್ದರೆ ಕೂಗುತ್ತಿದ್ದೆ ಎಂದು ಈಗ ಹೇಳಿಕೊಳ್ಳಬಹುದು, ಏನು ಬಂತು? ಅವಳು ಗೌನು ಇಸಿದುಕೊಂಡು ಡಬ್ಬಿಗೆ ಹಾಕಿದಳು. ನೀಲಿಯನ್ನು ಎಲ್ಲರಿಗಿಂತ ಮೊದಲು ನೋಡಿದವಳೂ ಅವಳೇ. ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು, ಸೆರಗೂ ನೀಲಿಯಾಯಿತು.

ತಂಡದವರು ಕಾಫಿ ಕುಡಿದು, ತೃಪ್ತಿಕರ ಎಂದು ಹೇಳಿ ಹೋದರು. ನಮ್ಮ ವರದಿಯನ್ನು ನಾನು ಬರೆಯಬೇಕಿತ್ತು. ತೃಪ್ತಿಕರ ಎಂದೇ ಬರೆದರೆ ಈ ಕೋಣೆಗೆ ಒಂದು ದಿನ ನಿಜವಾದ ರೋಗಿ ಬರುತ್ತಾನೆ, ಬಾಗಿಲಾಚೆ ಇನ್ನೊಬ್ಬ ಆಯಮ್ಮ ಸಾಯುತ್ತಾಳೆ. ನಾನು ಹಾಗೆ ಬರೆಯಲಿಲ್ಲ. ಅಭ್ಯಾಸ ವಿಫಲ ಎಂದು ಬರೆದೆ. ಬಳಸಿದ ಗೌನು ವೀಕ್ಷಕಿಯ ಬರಿಗೈಗೆ ಬಂತು, ಎರಡೂ ಅಂಗೈ ಮತ್ತು ಸೀರೆ ಕಲುಷಿತವಾದವು, ಈ ರೂಢಿ ಬಿಡುವವರೆಗೆ ಇಲ್ಲಿಗೆ ರೋಗಿಯನ್ನು ಸೇರಿಸಿದರೆ ಸಿಬ್ಬಂದಿಯ ಪ್ರಾಣಕ್ಕೆ ಅಪಾಯ ಎಂದೆಲ್ಲ ಬರೆದೆ. ಸಾಹೇಬರು ಎರಡು ಸಲ ಓದಿದರು. "ಬರೋದು ಬರ್ಲಿ, ಕಳಿಸಮ್ಮ" ಎಂದರು. ಅವತ್ತು ರೈಲಿನಲ್ಲಿ ಮನೆಗೆ ಹೋಗುವಾಗ ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಎರಡು ವಾರಕ್ಕೆ ಉತ್ತರ ಬಂತು. ವರದಿಯಲ್ಲಿ ಕಂಡ ಲೋಪವನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಸುರಕ್ಷತಾ ಕ್ರಮ ಪಾಲಿಸದ ಹೊರಗುತ್ತಿಗೆ ಸಿಬ್ಬಂದಿಯನ್ನು ಕೂಡಲೇ ಬದಲಿಸತಕ್ಕದ್ದು.

ಸಾಹೇಬರ ಮೇಜಿನ ಮುಂದೆ ನಿಂತು ನನ್ನ ವರದಿಯ ನಕಲನ್ನು ಮತ್ತೆ ಓದಿದೆ. ಗೌನು ಕೈಗೆ ಬಂತು ಎಂದು ಬರೆದಿದ್ದೆ. ಯಾರ ಕೈಯಿಂದ ಬಂತು ಎಂದು ಬರೆಯಲು ಧೈರ್ಯ ಬಂದಿರಲಿಲ್ಲ. ಗಂಟೆ ಬಾರಿಸಿದ್ದು, ಅದಕ್ಕೆ ನಕ್ಕದ್ದು, ಗಂಟೆ ಇಡಿಸಿದ್ದು ಯಾವುದೂ ಅದರಲ್ಲಿರಲಿಲ್ಲ. ಪಕ್ಕದಲ್ಲಿ ನಿಂತು ನೋಡಿದ ನಾನೂ ಇರಲಿಲ್ಲ. ಇಡೀ ಪುಟದಲ್ಲಿ ಇದ್ದವಳು ಒಬ್ಬಳೇ, ಆಯಮ್ಮ. ಇನ್ನೊಂದು ವರದಿ ಬರೆಯುತ್ತೇನೆ ಸಾರ್, ಎಲ್ಲ ಸೇರಿಸಿ ಬರೆಯುತ್ತೇನೆ ಎಂದು ಬೇಡಿದೆ. ಎರಡನೆಯದು ಹೋದರೆ ಮೊದಲನೆಯದು ಸುಳ್ಳಾಗುತ್ತದೆ, ಆಗ ಎರಡನ್ನೂ ಯಾರೂ ನಂಬುವುದಿಲ್ಲ ಎಂದರು. ಫಿಸಿಷಿಯನ್ ತಾವೇ ಫೋನು ಮಾಡಿ ಮೇಲಿನವರ ಜೊತೆ ಮಾತನಾಡಿದರು. ಆದೇಶ ಬದಲಾಗಲಿಲ್ಲ.

ಆಯಮ್ಮ ಸಮವಸ್ತ್ರದ ಕೋಟು ಒಗೆದು ಮಡಿಸಿ ತಂದುಕೊಟ್ಟು ಹೋದಳು. ನಾನು ಅವತ್ತು ಲಸಿಕೆ ಕೋಣೆಯಲ್ಲಿದ್ದೆ. ಅವಳು ಬಂದದ್ದು ಗೊತ್ತಾಗಿಯೂ ಹೊರಗೆ ಬರಲಿಲ್ಲ.

ಆಮೇಲೆ ಅವಳನ್ನು ನೋಡಿದ್ದು ಮಧ್ಯಾಹ್ನದ ರೈಲಿನಲ್ಲಿ. ಮಾರಿಕುಪ್ಪಂನಿಂದ ಬರುವ ಗಾಡಿಗೆ ನಾನು ಊರ್ಗಾಂನಲ್ಲಿ ಹತ್ತಿದೆ, ಅವಳು ಕಿಟಕಿ ಪಕ್ಕ ಕೂತಿದ್ದಳು. ಬಂಗಾರಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ಪಾತ್ರೆ ತಿಕ್ಕುವ ಕೆಲಸವಂತೆ, ಮುಹೂರ್ತ ಇದ್ದ ದಿನ ಮಾತ್ರ. ನನಗೆ ಜಾಗ ಬಿಟ್ಟು ಸರಿದು ಕೂತಳು. ನಾನು ಕೇಳದೆಯೇ ಎಲ್ಲ ಹೇಳತೊಡಗಿದೆ. ನಿಜ ಬರೆದದ್ದು ಅವಳ ಒಳ್ಳೆಯದಕ್ಕೇ ಎಂದೆ, ಹೀಗೆ ತಿರುಗಿಸುತ್ತಾರೆಂದು ಗೊತ್ತಿರಲಿಲ್ಲ ಎಂದೆ, ಕೊರೊನಾದಲ್ಲಿ ಹೋದ ಆಯಮ್ಮನ ವಿಷಯವನ್ನೂ ಹೇಳಿದೆ. ಕೋರಮಂಡಲ ಸ್ಟೇಷನ್ ದಾಟುವವರೆಗೂ ಹೇಳುತ್ತಲೇ ಇದ್ದೆ.

"ಬರ್ದಿದ್ದು ತಪ್ಪು ಅಂತ ನಾನು ಏಳಲ್ಲ ಸಿಸ್ಟರಮ್ಮಾ," ಎಂದಳು ಕೊನೆಗೆ. ಕೋಪವಿರಲಿಲ್ಲ, ಅದಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ಆವತ್ತು ನೀವು ನನ್ ಪಕ್ಕದಾಗೇ ಇದ್ರಿ. ಆಯಮ್ಮಾ ಕೈ ಅಂತ ಒಂದ್ ಮಾತು ಅಂದಿದ್ರೆ ನಾನು ಕೈ ಇಂದಕ್ಕೆ ತಗೊಂತಿದ್ದೆ. ಅಷ್ಟೊಂದು ಬರಿಯೋದೇ ಬೇಕಾಗಿರ್ಲಿಲ್ಲ."

ಬಂಗಾರಪೇಟೆಯಲ್ಲಿ ಗಾಡಿ ನಿಂತಿತು. ಬರ್ತೀನಿ ಸಿಸ್ಟರಮ್ಮಾ ಎಂದು ಹೇಳಿ ಚೀಲ ತೆಗೆದುಕೊಂಡು ಇಳಿದು ಹೋದಳು. ನನ್ನ ಮನೆಯೂ ಅಲ್ಲೇ, ನಾನೂ ಇಳಿಯಬೇಕಿತ್ತು. ಅದು ನೆನಪಾದಾಗ ಟೇಕಲ್ ಸ್ಟೇಷನ್ ಬಂದಿತ್ತು.